ಕತ್ತಿನ ಬಿಲ್ಲೆಜಾರಿಕೆಗೆ ಅಲ್ಪಛೇದ ಶಸ್ತ್ರಚಿಕಿತ್ಸೆ

ಕತ್ತಿನ ಏಳು ಕಶೇರುಕಗಳಲ್ಲಿ ಮೊದಲೆರಡರ ಸಂಧಿಯನ್ನುಳಿದು ಮಿಕ್ಕವುಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಯ (ಡಿಸ್ಕ್) ಹೊರಬಳೆ ಹರಿದು, ಒಳಗಣ ಮೃದುವಾದ ತಿರುಳು ಹೊರಚಾಚಿ ನರಮೂಲವನ್ನು ಒತ್ತುವುದರಿಂದ ತೋಳಿನಲ್ಲಿ ತಲೆದೋರುವ ನೋವು, ಜೋಮು, ಸ್ನಾಯುದೌರ್ಬಲ್ಯಗಳನ್ನು ಕಿರಿದಾದ ಛೇದದಿಂದ ಪರಿಹರಿಸುವ ವಿಧಾನ. ಬಹುಮಂದಿ ರೋಗಿಗಳು ಔಷಧ, ವ್ಯಾಯಾಮಾದಿಗಳಿಂದಲೇ ಗುಣಹೊಂದುವರಾದ್ದರಿಂದ, ಶಮನಗೊಳ್ಳದ ನೋವಿಗೂ ಹೆಚ್ಚುತ್ತಿರುವ ದೌರ್ಬಲ್ಯಕ್ಕೂ ಮಾತ್ರ ಇದು ವಿಹಿತವೆನಿಸಿದೆ. 1944ರಲ್ಲಿ ಅಮೆರಿಕದ ಸ್ಪರ್ಲಿಂಗ್ ಮತ್ತು ಸ್ಕೋವಿಲ್ ವಿವರಿಸಿದ, ಹಿಂಬದಿಯಿಂದ ನರರಂಧ್ರವನ್ನು ಹಿಗ್ಗಿಸುವ ಕ್ರಮವನ್ನೇ ಈಗ, ಸ್ನಾಯುಗಳನ್ನು ಕತ್ತರಿಸದೆ ಸರಿಸಿ, ಸುಮಾರು 2 ಸೆಂಟಿಮೀಟರ್ ಛೇದದಲ್ಲಿ ಇಳಿಸಿದ ಕೊಳವೆಯ ಮೂಲಕ ಸೂಕ್ಷ್ಮದರ್ಶಕ ಅಥವಾ ಎಂಡೋಸ್ಕೋಪಿನ ನೆರವಿನಿಂದ ನಡೆಸುವರು. ಕಶೇರುಕಗಳನ್ನು ಬೆಸೆಯಬೇಕಿಲ್ಲವಾಗಿ ಕತ್ತಿನ ಚಲನೆ ಉಳಿಯುವುದು ಇದರ ಗುಣ. ತಿರುಳು ನಟ್ಟನಡುವೆ ಚಾಚಿ ಬೆನ್ನುಹುರಿಯನ್ನೇ ಒತ್ತಿದ್ದಲ್ಲಿ ಸಾಮಾನ್ಯವಾಗಿ ಮುಂಬದಿಯ ಶಸ್ತ್ರಕ್ರಿಯೆಯೇ ಯುಕ್ತ.