ಒಂದು ಚಿಕ್ಕ ಕೋಣೆಯ ಚರಿತ್ರೆ



ಚರಿತ್ರೆ ಎಂದೊಡನೆ ನಿಮ್ಮ ಕಣ್ಣಮುಂದೆ ಕೋಟೆ ಕೊತ್ತಲಗಳು, ಸಿಂಹಾಸನಗಳು, ಯುದ್ಧಭೂಮಿಗಳು ಬಂದು ನಿಲ್ಲುತ್ತವೆ. ನಾವು ಇಲ್ಲಿ ಅವೆಲ್ಲಕ್ಕಿಂತ ಬಹಳ ಚಿಕ್ಕದಾದ ಒಂದು ಸ್ಥಳದ ಚರಿತ್ರೆಯನ್ನು ನೋಡೋಣ. ಅದರ ಅಗಲ ಒಂದೂವರೆ ಮೀಟರು, ಉದ್ದ ಸುಮಾರು ಎರಡು ಮೀಟರು. ಅದು ಹೋಟೆಲುಗಳಲ್ಲಿಯೂ ಪಬ್‌ಗಳಲ್ಲಿಯೂ ಅಂಗವಿಕಲ ಗಿರಾಕಿಗಳು ಬಳಸಬಹುದಾದ ಶೌಚಾಲಯ. ಇದೂ ಒಂದು ಚರಿತ್ರೆಯೇ ಎಂದು ನಗಬೇಡಿ. ಈ ಕೋಣೆಗಾಗಿ ಬ್ರಿಟನ್ನಿನ ಪಾರ್ಲಿಮೆಂಟು ಒಂದಲ್ಲ, ಹಲವು ಬಾರಿ ಕಾನೂನು ಮಾಡಬೇಕಾಯಿತು.

ಮೊದಲು ಒಂದು ಪ್ರಶ್ನೆ. ಸ್ನೇಹಿತರೊಡನೆ ಹೋಟೆಲಿಗೆ ಹೊರಟಾಗ ನೀವು ಏನನ್ನು ವಿಚಾರಿಸುತ್ತೀರಿ? ತಿಂಡಿ ಚೆನ್ನಾಗಿದೆಯೇ, ಜೇಬಿನಲ್ಲಿರುವ ಹಣ ಸಾಲುತ್ತದೆಯೇ, ಅಷ್ಟೇ ಅಲ್ಲವೇ? ಗಾಲಿಕುರ್ಚಿಯಲ್ಲಿ ಕುಳಿತಿರುವ ನಿಮ್ಮ ಗೆಳತಿಯ ಮೊದಲ ಪ್ರಶ್ನೆಯೇ ಬೇರೆ: 'ಅಲ್ಲಿನ ಶೌಚಾಲಯಕ್ಕೆ ನಾನು ಹೋಗಲು ಸಾಧ್ಯವೇ?' ಸಾಧ್ಯವಿಲ್ಲವೆಂದಾದರೆ ಆಕೆ ಬೆಳಗಿನಿಂದ ನೀರು ಕುಡಿಯದೆ ಬರಬೇಕು, ಇಲ್ಲವೇ ಊಟದ ನಡುವೆ ಎದ್ದು ಹೊರಡಬೇಕು, ಅದೂ ಆಗದಿದ್ದರೆ ಮನೆಯಲ್ಲಿಯೇ ಉಳಿಯಬೇಕು. ಬಾಗಿಲಿನಲ್ಲಿ ಇಳಿಜಾರು ಹಾದಿ ಇದ್ದರೆ ಒಳಗೆ ಬರಬಹುದು, ನಿಜ. ಆದರೆ ಎಲ್ಲರೊಡನೆ ಒಂದು ಸಂಜೆ ಕುಳಿತಿರಬೇಕಾದರೆ ಶೌಚಾಲಯವೂ ಬೇಕು.

ಬ್ರಿಟನ್ನಿನಲ್ಲಿ ಪಬ್ ಎಂಬುದು ಕೇವಲ ಕುಡಿಯುವ ಸ್ಥಳವಲ್ಲ. ನಮ್ಮ ಹಳ್ಳಿಗಳ ಅರಳಿಕಟ್ಟೆಯಂತೆ ಊರಿನ ಸುದ್ದಿ, ರಾಜಕೀಯ, ಹರಟೆ ಎಲ್ಲವೂ ಸೇರುವ ತಾಣ. 'ಪಬ್ಲಿಕ್ ಹೌಸ್' ಎಂಬ ಹೆಸರೇ ಚಿಕ್ಕದಾಗಿ ಪಬ್ ಆಯಿತು. ಅಂದರೆ ಸಾರ್ವಜನಿಕರ ಮನೆ. 1936ರ ಸಾರ್ವಜನಿಕ ಆರೋಗ್ಯ ಕಾಯಿದೆಯು ಪಬ್‌ಗಳಲ್ಲಿ, ಉಪಾಹಾರ ಗೃಹಗಳಲ್ಲಿ ಗಿರಾಕಿಗಳಿಗೆ ಶೌಚಾಲಯ ಒದಗಿಸಬೇಕೆಂದು ನೋಟಿಸು ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡಿತ್ತು. ಆದರೆ ಆ ಕಾಯಿದೆಯ ಕಣ್ಣಿಗೆ ಬಿದ್ದ ಗಿರಾಕಿ ಮೆಟ್ಟಿಲು ಹತ್ತಿ ಇಳಿಯಬಲ್ಲವನು. ಹಳೆಯ ಕಟ್ಟಡಗಳಲ್ಲಿ ಶೌಚಾಲಯವು ಮಹಡಿಯ ಮೇಲೋ ನೆಲಮಾಳಿಗೆಯಲ್ಲೋ ಇರುವುದು ಸಾಮಾನ್ಯವಾಗಿತ್ತು.

ಈ ಪರಿಸ್ಥಿತಿಯನ್ನು ಅಳತೆಪಟ್ಟಿ ಹಿಡಿದು ಪ್ರಶ್ನಿಸಿದವರು ಸೆಲ್ವಿನ್ ಗೋಲ್ಡ್‌ಸ್ಮಿತ್ ಎಂಬ ವಾಸ್ತುಶಿಲ್ಪಿ. ವಾಸ್ತುಶಿಲ್ಪದ ವ್ಯಾಸಂಗ ಮುಗಿಸಿದ ಹೊತ್ತಿನಲ್ಲಿಯೇ, 1956ರಲ್ಲಿ, ಅವರಿಗೆ ಪೋಲಿಯೊ ತಗುಲಿತು. ಅಂಗವಿಕಲರಿಗಾಗಿ ಕಟ್ಟಡಗಳನ್ನು ಹೇಗೆ ರೂಪಿಸಬೇಕೆಂಬ ಬಗ್ಗೆ ಅವರು ಬರೆದ ಕೈಪಿಡಿ 1963ರಲ್ಲಿ ಪ್ರಕಟವಾಯಿತು. ಆದರೆ ಪುಸ್ತಕ ಬರೆದು ಅವರು ಸುಮ್ಮನಾಗಲಿಲ್ಲ. ನಾರ್ವಿಚ್ ನಗರದಲ್ಲಿ ಗಾಲಿಕುರ್ಚಿ ಬಳಸುತ್ತಿದ್ದವರನ್ನು ಹುಡುಕಿಕೊಂಡು ಹೋಗಿ, ನಿಮಗೆ ಯಾವ ಕಟ್ಟಡಗಳಲ್ಲಿ ತೊಂದರೆ ಎಂದು ಕೇಳಿದರು. ಬಹಳ ಮಂದಿ ಹೇಳಿದ್ದು ಸಾರ್ವಜನಿಕ ಶೌಚಾಲಯದ ತೊಂದರೆಯನ್ನು.

ಅಲ್ಲಿ ಇನ್ನೊಂದು ಸತ್ಯವೂ ಹೊರಬಂತು. ಅನೇಕರಿಗೆ ಶೌಚಾಲಯದಲ್ಲಿ ನೆರವಾಗುವವರು ಅವರ ಗಂಡ ಅಥವಾ ಹೆಂಡತಿ. ದೊಡ್ಡ ಕೋಣೆಯನ್ನು ಗಂಡಸರ ವಿಭಾಗದ ಒಳಗೊಂದು, ಹೆಂಗಸರ ವಿಭಾಗದ ಒಳಗೊಂದು ಕಟ್ಟಿದರೆ ಹೆಂಡತಿಗೆ ನೆರವಾಗಲು ಗಂಡ ಒಳಗೆ ಹೋಗುವಂತಿಲ್ಲ. ಆದುದರಿಂದ ಯಾರು ಬೇಕಾದರೂ ಬಳಸಬಹುದಾದ, ಪ್ರತ್ಯೇಕ ಬಾಗಿಲುಳ್ಳ ಕೋಣೆ ಬೇಕು ಎಂಬ ವಿಚಾರ ಬಲಗೊಂಡಿತು. ಗಮನಿಸಿ, ಇದು ಯಾವ ಪಂಡಿತನಿಗೂ ಕುಳಿತಲ್ಲಿಯೇ ಹೊಳೆದ ಮಾತಲ್ಲ. ಬಳಸುವವರನ್ನು ಕೇಳಿದಾಗ ಸಿಕ್ಕ ಉತ್ತರ.

ಪಾರ್ಲಿಮೆಂಟಿನಲ್ಲಿ ಈ ಕೆಲಸ ಕೈಗೆತ್ತಿಕೊಂಡವರು ಆಲ್ಫ್ ಮಾರಿಸ್. ಅವರ ತಂದೆ ಮೊದಲನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡವರು. ಮಗ ಇನ್ನೂ ಬಾಲಕನಾಗಿದ್ದಾಗಲೇ ತೀರಿಕೊಂಡರು. ಅಂಗವಿಕಲನ ಮನೆಯ ಕಷ್ಟವನ್ನು ಮಾರಿಸ್ ಕಂಡುಂಡವರು. ಅವರು ಖಾಸಗಿ ಸದಸ್ಯರ ಮಸೂದೆಯಾಗಿ ತಂದದ್ದು 1970ರಲ್ಲಿ ಕಾಯಿದೆಯಾಯಿತು. ಸಾರ್ವಜನಿಕರು ಬರುವ ಕಟ್ಟಡಗಳಲ್ಲಿ ಅಂಗವಿಕಲರ ಪ್ರವೇಶಕ್ಕೂ ಶೌಚಾಲಯಕ್ಕೂ ಏರ್ಪಾಡು ಮಾಡಬೇಕೆಂದು ಅದು ಹೇಳಿತು. 1936ರ ಕಾಯಿದೆಯಡಿ ನೋಟಿಸು ಪಡೆದ ಪಬ್ಬು, ಹೋಟೆಲುಗಳ ಮಾಲೀಕರೂ ಅಂಗವಿಕಲ ಗಿರಾಕಿಗಳ ಅಗತ್ಯವನ್ನು ನೋಡಿಕೊಳ್ಳಬೇಕೆಂದು ವಿಧಿಸಿತು. ಆದರೆ ಜೊತೆಗೊಂದು ಷರತ್ತು: 'ಕಾರ್ಯಸಾಧ್ಯವೂ ಸಮಂಜಸವೂ ಆದ ಮಟ್ಟಿಗೆ'. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಚರಿತ್ರೆಯೆಲ್ಲ ಇದರ ಸುತ್ತಲೇ ನಡೆಯುತ್ತದೆ. ಸಾಧ್ಯವಿಲ್ಲ ಎಂದು ಮಾಲೀಕ ಕೈಯಾಡಿಸಿದರೆ ಕಾಯಿದೆ ಅಲ್ಲಿಗೇ ನಿಲ್ಲುತ್ತಿತ್ತು.

ಹಾಗಾದರೆ ಆ ಕೋಣೆ ಹೇಗಿರಬೇಕು? 1979ರಲ್ಲಿ ಬಂದ ಬ್ರಿಟಿಷ್ ಮಾನದಂಡವು ಅದರ ಅಳತೆಯನ್ನು 1500 ಮಿಲಿಮೀಟರು ಅಗಲ, 2000 ಮಿಲಿಮೀಟರು ಉದ್ದ ಎಂದು ಹೇಳಿತು. ಇಂತಹ ಕೋಣೆಯಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ. ಕಮೋಡಿನ ಒಂದು ಪಕ್ಕದಲ್ಲಿ ಖಾಲಿ ಜಾಗ ಬಿಡುವುದು, ಗಾಲಿಕುರ್ಚಿಯನ್ನು ಅಲ್ಲಿ ನಿಲ್ಲಿಸಿ ಪಕ್ಕಕ್ಕೆ ಸರಿದು ಕೂರಲು. ಗೋಡೆಯ ಹಿಡಿಕಂಬಿಗಳು ದೇಹದ ಭಾರವನ್ನು ಕೈಗಳಿಂದ ಹೊರಲು. ಬಾಗಿಲು ಹೊರಕ್ಕೆ ತೆರೆಯಬೇಕು; ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ದೇಹವೇ ತಡೆದುಬಿಡುತ್ತದೆ. ಕೈ ತೊಳೆಯುವ ಬೇಸಿನ್ನು ಕುಳಿತಲ್ಲಿಂದಲೇ ಎಟುಕಬೇಕು. ಏಕೆಂದರೆ ಕುರ್ಚಿಯ ಗಾಲಿಯನ್ನು ತಿರುಗಿಸುವುದು ಅದೇ ಕೈ. ಸಹಾಯಕ್ಕೆ ಕರೆಯುವ ಕೆಂಪು ದಾರ ನೆಲದ ಹತ್ತಿರದವರೆಗೆ ಇಳಿದಿರಬೇಕು. ಕಸ ಗುಡಿಸುವವರು ಅಡ್ಡಿಯೆಂದು ಅದನ್ನು ಮೇಲೆ ಕಟ್ಟಿಬಿಟ್ಟರೆ, ನೆಲಕ್ಕೆ ಬಿದ್ದವರ ಕೈಗೆ ಅದು ಸಿಕ್ಕುವುದಿಲ್ಲ.

ವಿಶ್ವಸಂಸ್ಥೆ 1981ನ್ನು ಅಂತಾರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಸಾರಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಒಂದು ಸ್ವಾರಸ್ಯದ ಯೋಜನೆ ಹುಟ್ಟಿತು. ಹಾಳುಗೆಡಹುವವರ ಕಾಟದಿಂದ ಇಂತಹ ಶೌಚಾಲಯಗಳಿಗೆ ಬೀಗ ಬೀಳುತ್ತಿತ್ತು. ಬೀಗದ ಕೈ ಯಾರ ಬಳಿ ಎಂದು ಹುಡುಕಿಕೊಂಡು ಅಲೆಯಬೇಕಿತ್ತು. ರಾಡಾರ್ ಎಂಬ ಸಂಸ್ಥೆಯು ದೇಶಕ್ಕೆಲ್ಲ ಒಂದೇ ನಮೂನೆಯ ಬೀಗ, ಒಂದೇ ಕೀಲಿಕೈ ಎಂಬ ವ್ಯವಸ್ಥೆಯನ್ನು ತಂದಿತು. ಸಾವಿರಾರು ಶೌಚಾಲಯಗಳು ಅದೊಂದೇ ಕೀಲಿಕೈಗೆ ತೆರೆದುಕೊಂಡವು. ಜೇಬಿನಲ್ಲಿ ಆ ಕೀಲಿಕೈ ಇದ್ದವರು ಯಾರನ್ನೂ ಅಂಗಲಾಚಬೇಕಾಗಿರಲಿಲ್ಲ.

ಅಂಗಲಾಚುವುದು ಬೇಡ, ಹಕ್ಕು ಬೇಕು ಎಂಬ ಕೂಗು ಮುಂದಿನ ವರ್ಷಗಳಲ್ಲಿ ಬೀದಿಗೆ ಬಂತು. 1990ರಲ್ಲಿ ಅಮೆರಿಕ ಅಂಗವಿಕಲರ ವಿರುದ್ಧದ ತಾರತಮ್ಯವನ್ನು ನಿಷೇಧಿಸುವ ಕಾನೂನು ತಂದಿತ್ತು. ಅಂತಹುದೇ ಒಂದು ಮಸೂದೆ 1994ರಲ್ಲಿ ಬ್ರಿಟನ್ನಿನ ಕೆಳಮನೆಯಲ್ಲಿ ಬಿದ್ದುಹೋಯಿತು. ಅದಕ್ಕೆ ಅಡ್ಡ ನಿಂತ ಸರ್ಕಾರದ ಪರವಾಗಿ ಸದನದಲ್ಲಿದ್ದ ಮಂತ್ರಿ ನಿಕೋಲಸ್ ಸ್ಕಾಟ್. ಅವರ ಸ್ವಂತ ಮಗಳು ಆಗ ರಾಡಾರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ತಂದೆಯ ನಡೆಯನ್ನು ಅವರು ಬಹಿರಂಗವಾಗಿಯೇ ಖಂಡಿಸಿದರು. ಮರುವರ್ಷ, 1995ರಲ್ಲಿ, ಸರ್ಕಾರವೇ ಅಂಗವಿಕಲರ ತಾರತಮ್ಯ ವಿರೋಧಿ ಕಾಯಿದೆಯನ್ನು ತರಬೇಕಾಯಿತು. ಆದರೆ ಕಟ್ಟಡಗಳನ್ನು ಮಾರ್ಪಡಿಸುವ ಹೊಣೆ ಹೋಟೆಲು, ಪಬ್ಬು, ಅಂಗಡಿಗಳ ಮೇಲೆ ಬಿದ್ದದ್ದು 2004ರ ಅಕ್ಟೋಬರ್ 1ರಂದು. ಒಂಬತ್ತು ವರ್ಷಗಳ ಕಾಲಾವಕಾಶ! 2010ರಲ್ಲಿ ಬಂದ ಸಮಾನತೆಯ ಕಾಯಿದೆಯು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ಆ ಹಳೆಯ ಕಾಯಿದೆಯ ಸ್ಥಾನವನ್ನು ಪಡೆಯಿತು.

ಇಲ್ಲಿಗೆ ಕಥೆ ಸುಖಾಂತವಾಯಿತೇ? ಇಲ್ಲ. 'ಸಮಂಜಸ' ಎಂಬ ಪದ ಹೊಸ ಕಾಯಿದೆಗಳಲ್ಲಿಯೂ ಉಳಿಯಿತು. ಖರ್ಚೆಷ್ಟು, ಕಟ್ಟಡ ಎಷ್ಟು ಹಳೆಯದು ಎಂಬುದನ್ನೆಲ್ಲ ತೂಗಿ ನೋಡಬೇಕು. ಚಿಕ್ಕ ಪಬ್ಬಿನ ಮಾಲೀಕನಿಗೂ ಕಷ್ಟವಿದೆ ಎಂಬುದನ್ನು ನಾವು ಒಪ್ಪಬೇಕು: ಮುನ್ನೂರು ವರ್ಷದ ಗೋಡೆಯನ್ನು ಒಡೆಯಲು ಅನುಮತಿ ಸುಲಭವಾಗಿ ಸಿಕ್ಕುವುದಿಲ್ಲ, ಎರಡು ಮೇಜುಗಳ ಜಾಗ ಹೋದರೆ ವ್ಯಾಪಾರಕ್ಕೆ ಪೆಟ್ಟು. ಆದರೆ ದೊಡ್ಡ ತೊಡಕು ಬೇರೆಯೇ ಇದೆ. ಹೋಟೆಲಿನವರು ಕಾಯಿದೆ ಪಾಲಿಸದಿದ್ದರೆ, ಅನ್ಯಾಯಕ್ಕೊಳಗಾದ ಗಿರಾಕಿಯೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಒಂದು ಸಂಜೆಯ ಊಟಕ್ಕಾಗಿ ದಾವೆ ಹೂಡುವವರು ಎಷ್ಟು ಮಂದಿ?

ಸ್ಕಾಟ್ಲೆಂಡಿನವರು ಮತ್ತೊಂದು ದಾರಿ ಹುಡುಕಿದರು. 2010ರ ಒಂದು ಕಾಯಿದೆಯ ಮೇರೆಗೆ, 2018ರ ಮಾರ್ಚ್ 30ರಿಂದ ಮದ್ಯ ಮಾರಾಟದ ಮಳಿಗೆಗೆ ಹೊಸ ಲೈಸೆನ್ಸು ಕೇಳುವವರು, ತಮ್ಮಲ್ಲಿ ಅಂಗವಿಕಲರಿಗೆ ಯಾವ ಸೌಲಭ್ಯವಿದೆ ಎಂಬ ಹೇಳಿಕೆಯನ್ನು ಅರ್ಜಿಯ ಜೊತೆ ಕೊಡಬೇಕು. ಇದು ಶೌಚಾಲಯ ಕಟ್ಟಿಸುವ ಆಜ್ಞೆಯಲ್ಲ. ಆದರೆ 'ನಮ್ಮಲ್ಲಿ ಇಲ್ಲ' ಎಂದು ಬರೆದು ಸಹಿ ಮಾಡುವಾಗಲಾದರೂ ಮಾಲೀಕ ಒಮ್ಮೆ ಯೋಚಿಸಲೇಬೇಕು.

ಅಷ್ಟರಲ್ಲಿ ಮತ್ತೊಂದು ಗುಂಪು ಎದ್ದು ನಿಂತಿತು. ತಾವಾಗಿ ಕುರ್ಚಿಯಿಂದ ಸರಿದು ಕೂರಲಾರದವರಿಗೆ ಒಂದೂವರೆ ಮೀಟರಿನ ಕೋಣೆ ಸಾಲದು; ಮಲಗಿಸಿ ಬಟ್ಟೆ ಬದಲಿಸಲು ಹಾಸುಗೆಯಂತಹ ಬೆಂಚು, ಮೇಲೆತ್ತುವ ಯಂತ್ರ ಬೇಕು. ಇಲ್ಲದಿದ್ದರೆ ಬೆಳೆದ ಮಕ್ಕಳನ್ನು ಶೌಚಾಲಯದ ಒದ್ದೆ ನೆಲದ ಮೇಲೆ ಮಲಗಿಸುವ ಗತಿ. 2006ರಲ್ಲಿ ಆರಂಭವಾದ ಚಳವಳಿಯ ಫಲವಾಗಿ, 2021ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಕಟ್ಟುವ ದೊಡ್ಡ ಸಾರ್ವಜನಿಕ ಕಟ್ಟಡಗಳಲ್ಲಿ ಇಂತಹ ಕೋಣೆ ಕಡ್ಡಾಯವಾಯಿತು.

ಇದು ಪರದೇಶದ ಮಾತು ಎಂದು ಪುಟ ತಿರುವಬೇಡಿ. ನಮ್ಮ ದೇಶದ ಮೊದಲ ಅಂಗವಿಕಲರ ಕಾಯಿದೆಯೂ 1995ರದೇ. ಸಾರ್ವಜನಿಕ ಕಟ್ಟಡಗಳಲ್ಲಿ ಇಳಿಜಾರು ಹಾದಿ, ಗಾಲಿಕುರ್ಚಿಯವರಿಗೆ ತಕ್ಕ ಶೌಚಾಲಯ ಎಂದು ಅದೂ ಹೇಳಿತ್ತು. ಆದರೆ 'ಆರ್ಥಿಕ ಶಕ್ತಿಯ ಮಿತಿಯೊಳಗೆ' ಎಂಬ ಷರತ್ತು ಅದಕ್ಕೂ ಇತ್ತು. 2016ರ ಹೊಸ ಕಾಯಿದೆಯು, ಜನರು ಬಳಸುವ ಖಾಸಗಿ ಕಟ್ಟಡವನ್ನೂ ಸಾರ್ವಜನಿಕ ಕಟ್ಟಡವೆಂದೇ ಎಣಿಸಿತು. ಅಂದರೆ ನಿಮ್ಮೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲೂ ಅದರೊಳಗೆ ಬಂತು. 2024ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ವಿಷಯದಲ್ಲಿ ಕೇವಲ ಸಲಹೆಯ ರೂಪದ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮಗಳು ಬೇಕೆಂದು ತೀರ್ಪು ನೀಡಿತು. ಎರಡೂ ದೇಶಗಳ ಹಾದಿ ಒಂದೇ: 'ಆದರೆ ನೋಡೋಣ' ಎಂಬಲ್ಲಿಂದ 'ಆಗಲೇಬೇಕು' ಎಂಬಲ್ಲಿಗೆ.

ಮುಂದಿನ ಸಲ ಹೋಟೆಲಿಗೆ ಹೋದಾಗ ನೀವೊಂದು ಚಿಕ್ಕ ಕೆಲಸ ಮಾಡಿ. ಗಾಲಿಕುರ್ಚಿಯ ಚಿತ್ರವಿರುವ ಬಾಗಿಲು ಅಲ್ಲಿದೆಯೇ ನೋಡಿ. ಇದ್ದರೆ ತೆರೆದು ನೋಡಿ. ಅದು ಪೊರಕೆ, ಬಕೆಟ್ಟು, ಮುರಿದ ಕುರ್ಚಿಗಳ ಕೋಣೆಯಾಗಿದೆಯೇ? ಬಾಗಿಲು ಯಾವ ಕಡೆಗೆ ತೆರೆಯುತ್ತದೆ? ಬೇಸಿನ್ನು ಎಟುಕುತ್ತದೆಯೇ? ನೋಡಿದ್ದನ್ನು ಮಾಲೀಕರಿಗೆ ಮರ್ಯಾದೆಯಿಂದಲೇ ತಿಳಿಸಿ. ಗೋಲ್ಡ್‌ಸ್ಮಿತ್ ಅವರ ಕೆಲಸವೂ ಬಳಸುವವರನ್ನು ಕೇಳುವುದರಿಂದಲೇ ಮುಂದೆ ಸಾಗಿತು. ನಿಮ್ಮ ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ಗೆಳೆಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಕೇಳಬೇಕಾದ ಪ್ರಶ್ನೆಗಳು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.