ಹಿಮ್ಮಡಿ ಊರಬೇಕೋ, ಎತ್ತಬೇಕೋ?

ಜಪಾನಿನಲ್ಲಿ ಕೆಲಸಕ್ಕಿದ್ದಾಗ, ನಲವತ್ತು ಹತ್ತಿರ ಬಂದ ಮೇಲೆ ಕೆಂಡೊ ಕಲಿಯಲು ಹೋದವನು ನಾನು. ಮೊದಲ ಮೂರು ತಿಂಗಳು ಬರೀ ಕಾಲಿನದೇ ಪಾಠ. ಬಲಗಾಲು ಮುಂದೆ, ಎಡಗಾಲು ಹಿಂದೆ, ಎಡ ಹಿಮ್ಮಡಿ ತುಸು ಮೇಲೆ. ಪಾದ ಎತ್ತದೆ ಹಲಗೆಯ ಮೇಲೆ ಜಾರಿಸುತ್ತಾ ಸಾಗಬೇಕು. ಇದಕ್ಕೆ ಸುರಿಯಾಶಿ ಅಂತಾರೆ. ಆಮೇಲೆ ಹೊಡೆತ. ಬಿದಿರಿನ ಕತ್ತಿ ಎದುರಾಳಿಯ ತಲೆಗೆ ತಾಗುವ ಹೊತ್ತಿಗೇ ಬಲಪಾದ ನೆಲಕ್ಕೆ ಧಪ್ ಅಂತ ಬಡಿಯಬೇಕು, ಬಾಯಿಂದ ಕೂಗೂ ಹೊರಡಬೇಕು. ಚೈತನ್ಯ, ಕತ್ತಿ, ದೇಹ ಮೂರೂ ಒಂದಾಗದಿದ್ದರೆ ಏಟು ಬಿದ್ದರೂ ಅಂಕವಿಲ್ಲ.

ನನ್ನದು ಯಾವಾಗಲೂ ಕಾಲು ಮೊದಲು, ಕತ್ತಿ ಆಮೇಲೆ. ವರ್ಷ ತುಂಬುವಷ್ಟರಲ್ಲಿ ಬಲ ಹಿಮ್ಮಡಿ ಊದಿಕೊಂಡು, ಸಾಕಪ್ಪಾ ಈ ಸಹವಾಸ ಅನ್ನಿಸಿತ್ತು.

ಆ ಬಿಡುವಿನಲ್ಲೇ ಮಿಯಾಮೊಟೊ ಮುಸಾಶಿಯ 'ಗೊರಿನ್ ನೊ ಶೊ' ಓದಿದೆ. 1640ರ ದಶಕದ ಪುಸ್ತಕ. ನೋಡಿದರೆ ಎಲ್ಲಾ ಉಲ್ಟಾ! ಬೆರಳು ಹಗುರಾಗಿರಲಿ, ಹಿಮ್ಮಡಿ ಗಟ್ಟಿಯಾಗಿ ಊರಲಿ, ದಿನಾ ನಡೆಯೋ ಹಾಗೇ ನಡಿ ಅಂತಾನೆ. ಹಾರುವ ಕಾಲು ಅವನಿಗೆ ಆಗಿಬರೋದಿಲ್ಲ. ಹಾಗಾದರೆ ನನ್ನ ಹಿಮ್ಮಡಿ ಯಾವ ಪರಂಪರೆಗಾಗಿ ಊದಿಕೊಂಡಿತು?

ಮುಸಾಶಿ ಕಾದಿದ್ದು ನಿಜವಾದ ಕಾಳಗಗಳಲ್ಲಿ. ಕಾಲಡಿಯ ನೆಲ ಹೇಗಿರುತ್ತೆ ಅಂತ ಅಲ್ಲಿ ಯಾರು ಬಲ್ಲರು? ಆಮೇಲಿನ ಶಾಂತಿಕಾಲದಲ್ಲಿ ಅಭ್ಯಾಸ ಹೆಚ್ಚಾಗಿ ಕತಾ, ಅಂದರೆ ಮೊದಲೇ ಗೊತ್ತುಮಾಡಿದ ವರಸೆಗಳಲ್ಲಿತ್ತು. 18ನೇ ಶತಮಾನದಲ್ಲಿ ನಾಗನುಮಾ ಕುನಿಸಾತೊ, ಆಮೇಲೆ ನಾಕಾನಿಶಿ ಮನೆತನದವರು ರಕ್ಷಾಕವಚ ಮತ್ತು ಬಿದಿರಿನ ಕತ್ತಿಯನ್ನು ಸುಧಾರಿಸಿದರು. ಸಾಯುವ ಭಯವಿಲ್ಲದೆ ಪೂರ್ತಿ ಬಲದಿಂದ ಹೊಡೆಯಬಹುದಾಯಿತು. ಹೊಡೆಯೋ ದೂರ ಹೆಚ್ಚಿತು, ವೇಗವೂ ಹೆಚ್ಚಿತು. ನಯವಾದ ಹಲಗೆಯ ನೆಲ ಸಿಕ್ಕಿದ ಮೇಲೆ ಜಾರಿ, ಚಿಮ್ಮಿ, ಬಡಿಯುವುದು ಲಾಭವೇ. ನಮ್ಮ ಗರಡಿಯ ಕೆಮ್ಮಣ್ಣಿನ ಮೇಲೆ ಮಾಡಿನೋಡಿ, ಹೆಬ್ಬೆರಳು ಹೂತು ಮುಗ್ಗರಿಸ್ತೀರಿ!

1876ರಲ್ಲಿ ಕತ್ತಿ ಧರಿಸುವುದನ್ನೇ ಸರ್ಕಾರ ನಿಷೇಧಿಸಿತು. 1911ರ ಹೊತ್ತಿಗೆ ಅದೇ ವಿದ್ಯೆ ಶಾಲೆಯ ಪಾಠವಾಯಿತು. 1912ರಲ್ಲಿ ಎಲ್ಲ ಪಂಥಗಳಿಗೂ ಸಾಮಾನ್ಯವಾದ ಕತಾ ರೂಪಿಸಿದರು. ಗಮನಿಸಿ, ಅದರಲ್ಲಿ ಈ ಧಪ್ ಅನ್ನೋ ಬಡಿತವೇ ಇಲ್ಲ, ಬರೀ ಜಾರುನಡಿಗೆ. ಬಡಿತ ಪಂದ್ಯದ ಕೂಸು ಅಂತಲೇ ನನ್ನ ಅಭಿಪ್ರಾಯ.

ಊತ ಇಳಿದ ಮೇಲೆ ಗುರುಗಳ ಮುಂದೆ ಮುಸಾಶಿಯ ಮಾತು ತೆಗೆದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ಬಲಗಾಲು ಎತ್ತಿ ಕುಟ್ಟಬೇಡಿ. ಎಡಗಾಲು ಸೊಂಟವನ್ನ ಮುಂದಕ್ಕೆ ತಳ್ಳಲಿ, ಬಲಗಾಲು ತಾನಾಗಿ ಬೀಳುತ್ತೆ, ಇಡೀ ಅಂಗಾಲು ಒಟ್ಟಿಗೆ."

ಅವತ್ತು ಸಂಜೆ ಕವಚ ತೊಡಲಿಲ್ಲ. ಗೋಡೆಯಿಂದ ಗೋಡೆಗೆ, ಎಡಗಾಲಲ್ಲಿ ತಳ್ಳುತ್ತಾ, ಸದ್ದಿಲ್ಲದೆ ನಲವತ್ತು ಸಲ ಜಾರಿದೆ.