ಕೌಂಟಿ ಉಳಿಯಿತು, ಪಟ್ಟಣಸಭೆ ಅಳಿಯಿತು: ಸ್ಕಾಟ್ಲೆಂಡಿನ ಫೈಫ್‌ನಲ್ಲಿ ಸ್ಥಳೀಯ ಆಡಳಿತದ ಚರಿತ್ರೆ

1969ರಲ್ಲಿ ಲಾರ್ಡ್ ವೀಟ್ಲಿ ಅವರ ಅಧ್ಯಕ್ಷತೆಯ ಆಯೋಗವು ಸ್ಕಾಟ್ಲೆಂಡಿನ ಸ್ಥಳೀಯ ಆಡಳಿತವನ್ನು ಬುಡದಿಂದಲೇ ಬದಲಿಸಬೇಕೆಂದು ವರದಿ ಕೊಟ್ಟಿತು. ಹಳೆಯ ಕೌಂಟಿಗಳನ್ನೂ ಪಟ್ಟಣಸಭೆಗಳನ್ನೂ ತೆಗೆದುಹಾಕಿ ದೊಡ್ಡ ಪ್ರಾಂತ್ಯಗಳನ್ನು ರಚಿಸುವುದು ಅದರ ಸಲಹೆ. ಅದರಂತೆ ನಡೆದಿದ್ದರೆ ಫೈಫ್ ಕೌಂಟಿ ಎರಡು ಹೋಳಾಗುತ್ತಿತ್ತು. ಉತ್ತರದ ಪಾಲು ಟೇ ಅಳಿವೆಯ ಆಚೆಯ ಡಂಡಿಗೆ, ದಕ್ಷಿಣದ ಪಾಲು ಫೋರ್ತ್ ಅಳಿವೆಯ ಆಚೆಯ ಎಡಿನ್‌ಬರೋಗೆ ಸೇರುತ್ತಿತ್ತು. ಫೈಫ್‌ನ ಜನ ಇದನ್ನು ಒಪ್ಪಲಿಲ್ಲ. ಪಕ್ಷಭೇದ ಮರೆತು ಹೋರಾಡಿದರು, ಗೆದ್ದರು. 1973ರ ಕಾಯ್ದೆಯಲ್ಲಿ ಫೈಫ್ ಇಡಿಯಾಗಿ ಒಂದು ಪ್ರಾಂತ್ಯವಾಯಿತು. 1975ರ ಮೇ 16ರಂದು ಹೊಸ ವ್ಯವಸ್ಥೆ ಜಾರಿಗೆ ಬಂತು.

ಈ ಗೆಲುವಿಗೆ ಸಾಮಾನ್ಯವಾಗಿ ಕೊಡುವ ಕಾರಣ ಫೈಫ್‌ನ ಪ್ರಾಚೀನತೆ. ಜನ ಇಂದಿಗೂ ಅದನ್ನು ‘ಫೈಫ್ ರಾಜ್ಯ’ ಎಂದೇ ಕರೆಯುತ್ತಾರೆ. ಪಿಕ್ಟ್ ಜನರ ಮೂಲಪುರುಷ ಕ್ರುತ್ನೆಯ ಏಳು ಮಕ್ಕಳಲ್ಲಿ ಒಬ್ಬನಾದ ಫಿಬ್‌ನ ಪಾಲಿಗೆ ಬಂದ ನಾಡು ಇದೆಂದು ಐತಿಹ್ಯ. ಸ್ಕಾಟ್ಲೆಂಡಿನ ಅರಸನನ್ನು ಪೀಠದ ಮೇಲೆ ಕೂರಿಸುವ ಹಕ್ಕು ಫೈಫ್‌ನ ಮ್ಯಾಕ್‌ಡಫ್ ಮನೆತನದ್ದಾಗಿತ್ತು. 1306ರಲ್ಲಿ ರಾಬರ್ಟ್ ಬ್ರೂಸ್‌ನ ಪಟ್ಟಾಭಿಷೇಕಕ್ಕೆ ಆ ಮನೆತನದ ಇಸಬೆಲ್ಲಾ ಓಡೋಡಿ ಬಂದದ್ದು ಈ ಹಕ್ಕಿನ ಬಲದಿಂದಲೇ. ಆದರೆ ಪುರಾತನ ಹೆಸರೊಂದೇ ಆಡಳಿತದ ಘಟಕವನ್ನು ಉಳಿಸಲಾರದು. ಈ ಕೌಂಟಿಯ ಗಡಿಯೂ ಅನಾದಿಯದೇನಲ್ಲ. ಫೋರ್ತ್ ದಂಡೆಯ ಕೂರಸ್ ಪಟ್ಟಣ 1891ರವರೆಗೆ ದೂರದ ಪರ್ತ್‌ಶೈರ್‌ಗೆ ಸೇರಿದ ತುಂಡು ನೆಲವಾಗಿತ್ತು. ಫೈಫ್‌ನ ಒಗ್ಗಟ್ಟಿನ ಬೇರುಗಳನ್ನು ನಾನು ಹುಡುಕುವುದು ಪಟ್ಟಣಸಭೆಗಳಲ್ಲಿ ಮತ್ತು ಗಣಿ ಹಳ್ಳಿಗಳಲ್ಲಿ.

ಮೊದಲು ಪಟ್ಟಣಗಳು. ಅರಸನ ಸನ್ನದು ಪಡೆದು ವ್ಯಾಪಾರದ ಹಕ್ಕು ಗಳಿಸಿದ ಪಟ್ಟಣಗಳಿಗೆ ‘ರಾಯಲ್ ಬರೋ’ ಎಂದು ಹೆಸರು. ಫೈಫ್‌ನ ಕರಾವಳಿಯುದ್ದಕ್ಕೂ ಇಂಥವು ಒತ್ತೊತ್ತಾಗಿದ್ದವು. 1707ರಲ್ಲಿ ಇಂಗ್ಲೆಂಡು, ಸ್ಕಾಟ್ಲೆಂಡು ಒಂದಾದ ನಂತರ ಸಂಸತ್ತಿನ ಚುನಾವಣೆಯಲ್ಲಿ ದನಿ ಇದ್ದ ಬರೋಗಳು ಫೈಫ್ ಒಂದರಲ್ಲೇ 13. ಕ್ರೇಲ್, ಕಿಲ್ರೆನಿ, ಪಿಟನ್‌ವೀಮ್ ಮತ್ತು ಎರಡು ಆನ್‌ಸ್ಟ್ರದರ್‌ಗಳು ಸೇರಿ ಒಬ್ಬ ಸದಸ್ಯನನ್ನು ಆರಿಸುತ್ತಿದ್ದವು. ಡೈಸಾರ್ಟ್, ಕರ್ಕಾಡಿ, ಕಿಂಗ್‌ಹಾರ್ನ್, ಬರ್ನ್‌ಟೈಲೆಂಡ್ ಸೇರಿ ಇನ್ನೊಬ್ಬನನ್ನು. ಡನ್‌ಫರ್ಮ್‌ಲಿನ್ ಮತ್ತು ಇನ್ವರ್ಕೀದಿಂಗ್ ಸ್ಟರ್ಲಿಂಗ್ ಗುಂಪಿನಲ್ಲಿದ್ದವು. ಕೂಪರ್ ಮತ್ತು ಸೇಂಟ್ ಆಂಡ್ರೂಸ್ ಪರ್ತ್ ಗುಂಪಿನಲ್ಲಿದ್ದವು. ಒಂದೊಂದು ಪಟ್ಟಣಸಭೆಗೂ ಒಂದೇ ಮತ. ಹೀಗಾಗಿ ಪರ್ತ್ ಗುಂಪಿನಲ್ಲೇ ಇದ್ದ ದೊಡ್ಡ ವ್ಯಾಪಾರ ನಗರ ಡಂಡಿಗೂ ಪುಟ್ಟ ಕೂಪರ್‌ಗೂ ಸಮಾನ ಬಲವಿತ್ತು.

ಇದನ್ನು ಪ್ರಜಾಪ್ರಭುತ್ವ ಎನ್ನುವಂತಿಲ್ಲ. 1469ರ ಕಾಯ್ದೆಯ ಪ್ರಕಾರ ಹಳೆಯ ಸಭೆಯೇ ಹೊಸ ಸಭೆಯನ್ನು ಆರಿಸುತ್ತಿತ್ತು. ಕೆಲವೇ ಮನೆತನಗಳ ಕೈಯಲ್ಲಿ ಅಧಿಕಾರ ಸುತ್ತುತ್ತಿತ್ತು. ಮತದಾರರಿಂದ ಆಯ್ಕೆಯಾಗುವ ಪಟ್ಟಣಸಭೆ ಬಂದದ್ದು 1833ರ ಸುಧಾರಣೆಯಿಂದ. ಅದಾದರೂ ವರ್ಷಕ್ಕೆ 10 ಪೌಂಡ್ ಬೆಲೆಯ ಮನೆಯಿದ್ದವರಿಗೆ ಮಾತ್ರ. ಹಾಗಿದ್ದೂ ಬಂದರಿನ ದುರಸ್ತಿ, ಸಂತೆ, ಶಾಲೆ, ಕುಡಿಯುವ ನೀರು ಇವೆಲ್ಲ ಊರಿನವರ ನಡುವೆಯೇ ತೀರ್ಮಾನವಾಗಬೇಕೆಂಬ ರೂಢಿ ಈ ಪುಟ್ಟ ಊರುಗಳಲ್ಲಿ ಗಟ್ಟಿಯಾಯಿತು. ಲಂಡನ್ನಿನ ಸುಂಕವನ್ನು ಇಲ್ಲಿನವರು ಎಷ್ಟು ದ್ವೇಷಿಸುತ್ತಿದ್ದರೆಂಬುದಕ್ಕೆ 1736ರ ಪ್ರಸಂಗವೊಂದು ಸಾಕು. ಪಿಟನ್‌ವೀಮ್‌ನಲ್ಲಿ ಸುಂಕದ ಅಧಿಕಾರಿಯನ್ನು ದೋಚಿದ ಕಳ್ಳಸಾಗಣೆದಾರ ಆಂಡ್ರೂ ವಿಲ್ಸನ್‌ನನ್ನು ಎಡಿನ್‌ಬರೋದಲ್ಲಿ ಗಲ್ಲಿಗೇರಿಸಿದಾಗ ಎದ್ದ ಗದ್ದಲವೇ ಪೋರ್ಟಿಯಸ್ ದಂಗೆಗೆ ದಾರಿಯಾಯಿತು. ಆಡಂ ಸ್ಮಿತ್ ಆಗ ಕರ್ಕಾಡಿಯಲ್ಲಿ ಬೆಳೆಯುತ್ತಿದ್ದ ಹುಡುಗ. ಅವನು ಹುಟ್ಟುವ ಮೊದಲೇ ತೀರಿಕೊಂಡ ತಂದೆ ಅದೇ ಪಟ್ಟಣದ ಸುಂಕದ ಅಧಿಕಾರಿಯಾಗಿದ್ದವರು.

ಪಟ್ಟಣದ ಹೊರಗೆ ಆಳುತ್ತಿದ್ದವರು ಜಮೀನ್ದಾರರು. ಭೂಕಂದಾಯ ಎತ್ತಲು 17ನೇ ಶತಮಾನದಲ್ಲಿ ಹುಟ್ಟಿದ ಅವರ ಮಂಡಳಿಯೇ 1890ರಲ್ಲಿ ಚುನಾಯಿತ ಕೌಂಟಿ ಕೌನ್ಸಿಲ್ ಬರುವ ತನಕ ಗ್ರಾಮಾಂತರದ ಆಡಳಿತ ನೋಡುತ್ತಿತ್ತು. ಡನ್‌ಫರ್ಮ್‌ಲಿನ್ ಬಳಿಯ ಬ್ರೂಮ್‌ಹಾಲ್‌ನ ಎಲ್ಗಿನ್ ಮನೆತನ ಇಂಥವುಗಳಲ್ಲಿ ಒಂದು. ಮೈಸೂರಿನ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ವೈಸರಾಯ್ ಆಗಿದ್ದವರು ಈ ಮನೆತನದ ಒಂಬತ್ತನೆಯ ಅರ್ಲ್.

ಫೈಫ್‌ನ ಪಶ್ಚಿಮದ ಕತೆ ಬೇರೆ. ಅಲ್ಲಿ ನೆಲದಡಿ ಕಲ್ಲಿದ್ದಲು. ಕೂರಸ್‌ನಲ್ಲಿ ಸರ್ ಜಾರ್ಜ್ ಬ್ರೂಸ್ 16ನೇ ಶತಮಾನದ ಕೊನೆಗೆ ಸಮುದ್ರದ ತಳದಡಿಗೇ ಗಣಿ ಕೊರೆಸಿದ. 1617ರಲ್ಲಿ ಅರಸ ಆರನೆಯ ಜೇಮ್ಸ್ ಬಂದು ಅದನ್ನು ನೋಡಿದ. 1625ರ ಬಿರುಗಾಳಿಗೆ ಗಣಿ ನೀರು ತುಂಬಿ ಹಾಳಾಯಿತು. ತೆಗೆದ ಕಲ್ಲಿದ್ದಲಿನಿಂದ ದೊಡ್ಡ ಕೊಪ್ಪರಿಗೆಗಳಲ್ಲಿ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡುತ್ತಿದ್ದರು. ಈ ಸಂಪತ್ತಿನ ಹಿಂದೆ ಘೋರವಾದ ಕಾನೂನೊಂದಿತ್ತು. 1606ರ ಕಾಯ್ದೆ ಗಣಿಯ ಆಳುಗಳನ್ನೂ ಉಪ್ಪಿನ ಆಳುಗಳನ್ನೂ ಧಣಿಗೆ ಕಟ್ಟಿಹಾಕಿತು. ಧಣಿಯ ಒಪ್ಪಿಗೆಯ ಪತ್ರವಿಲ್ಲದೆ ಇನ್ನೊಬ್ಬ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ. 1775ರಲ್ಲಿ ಅರೆಬರೆಯಾಗಿ, 1799ರಲ್ಲಿ ಪೂರ್ತಿಯಾಗಿ ಈ ಜೀತ ಕೊನೆಗೊಂಡಿತು. ಎಡಿನ್‌ಬರೋದ ಜ್ಞಾನೋದಯವನ್ನು ಕೊಂಡಾಡುವ ಪುಸ್ತಕಗಳು, ಅದೇ ಕಾಲದಲ್ಲಿ ಅಳಿವೆಯ ಆಚೆ ದಡದಲ್ಲಿ ಮನುಷ್ಯರು ಜೀತದಲ್ಲಿದ್ದರೆಂಬುದನ್ನು ಒಂದೆರಡು ಸಾಲಿನಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಾಗದ ಮಾತು.

ಫೈಫ್‌ನ ಗಣಿ ಕಾರ್ಮಿಕರು 1870ರಲ್ಲಿ ಸಂಘ ಕಟ್ಟಿ ದಿನಕ್ಕೆ 8 ಗಂಟೆಯ ದುಡಿಮೆಯನ್ನು ಗಳಿಸಿಕೊಂಡರು. ಡನ್‌ಫರ್ಮ್‌ಲಿನ್‌ನ ನೇಕಾರರಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಚಾರ್ಟಿಸ್ಟ್ ಪರಂಪರೆ ಆಗಲೇ ಬೇರು ಬಿಟ್ಟಿತ್ತು. 1848ರಲ್ಲಿ ಅಮೆರಿಕಕ್ಕೆ ಹೋದ ಆಂಡ್ರೂ ಕಾರ್ನೆಗಿ ಅಂಥದೇ ಮನೆಯ ಹುಡುಗ. ಅಲ್ಲಿ ಸಿರಿವಂತನಾದ ಮೇಲೆ, ಬಾಲ್ಯದಲ್ಲಿ ತನ್ನ ಮನೆಯವರಿಗೆ ಪ್ರವೇಶವಿಲ್ಲದಿದ್ದ ಪಿಟನ್‌ಕ್ರೀಫ್ ಎಸ್ಟೇಟನ್ನು ಕೊಂಡು 1903ರಲ್ಲಿ ಊರಿಗೆ ಉದ್ಯಾನವಾಗಿ ಕೊಟ್ಟ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಡನ್‌ಫರ್ಮ್‌ಲಿನ್, ಕೌಡನ್‌ಬೀತ್, ಲಾಕ್‌ಗೆಲಿ ಬರೋಗಳಾಗಿದ್ದವು. ಆದರೆ ಕೆಲ್ಟಿ, ಬಾಲಿಂಗ್ರಿಯಂಥ ಗಣಿ ಹಳ್ಳಿಗಳಿಗೆ ಪಟ್ಟಣಸಭೆಯೇ ಇರಲಿಲ್ಲ. ಮನೆ, ನೀರು, ಶಾಲೆಗೆ ಅವರು ಬಡಿಯಬೇಕಾಗಿದ್ದುದು ಕೌಂಟಿ ಕೌನ್ಸಿಲಿನ ಬಾಗಿಲನ್ನು. 1929ರ ಕಾಯ್ದೆ ಶಿಕ್ಷಣವನ್ನೂ ಕೌಂಟಿಯ ಕೈಗೆ ಕೊಟ್ಟಿತು. ಹಾಗಾಗಿ ಪೂರ್ವದ ಬೆಸ್ತರ ಊರಿಗೆ ಬರೋ ಹೇಗೋ, ಪಶ್ಚಿಮದ ಗಣಿ ಹಳ್ಳಿಗೆ ಕೌಂಟಿ ಹಾಗೆ ಸ್ವಂತದ್ದಾಯಿತು. ಫೈಫ್ ಅಖಂಡವಾಗಿ ಉಳಿಯಬೇಕೆಂಬ ಹಟಕ್ಕೆ ಪಶ್ಚಿಮದಿಂದ ಬಂದ ಬಲದ ಮೂಲ ಇದೇ ಎಂದು ನನ್ನ ವಾದ.

ಸಂಸತ್ತಿನ ಕ್ಷೇತ್ರಗಳಲ್ಲೂ ಇದೇ ವಿಭಜನೆ. ಬರೋಗಳನ್ನು ಬೇರೆ ಕ್ಷೇತ್ರಕ್ಕೆ ಸೇರಿಸಿದ ಮೇಲೆ ವೆಸ್ಟ್ ಫೈಫ್‌ನಲ್ಲಿ ಉಳಿದದ್ದು ಬಹುಮಟ್ಟಿಗೆ ಗಣಿ ಹಳ್ಳಿಗಳು. 1935ರಲ್ಲಿ ಅವು ಕಮ್ಯುನಿಸ್ಟ್ ವಿಲ್ಲಿ ಗ್ಯಾಲಕರ್ ಅವರನ್ನು ಗೆಲ್ಲಿಸಿದವು. ಸೋತವರು ಗಣಿ ಕಾರ್ಮಿಕರ ಹಳೆಯ ನಾಯಕ, ಲೇಬರ್ ಪಕ್ಷದ ಮಾಜಿ ಮಂತ್ರಿ ವಿಲಿಯಂ ಆ್ಯಡಂಸನ್. 1926ರ ಗಣಿ ಮುಷ್ಕರದ ಸೋಲಿನ ನಂತರ ಕಾರ್ಮಿಕರ ಸಂಘ ಒಡೆದಿತ್ತು. 1929ರಲ್ಲಿ ಹುಟ್ಟಿದ ಎಡಪಂಥೀಯ ಸಂಘಕ್ಕೆ ಫೈಫ್ ಕೋಟೆಯಾಗಿತ್ತು. ಗ್ಯಾಲಕರ್ 1950ರವರೆಗೆ ಸದಸ್ಯರಾಗಿದ್ದರು. ಆ ಕಾಲದ ಒಲವಿನ ಗುರುತಾಗಿ ಲಂಫಿನನ್ಸ್ ಎಂಬ ಗಣಿ ಹಳ್ಳಿಯ ಬೀದಿಯೊಂದಕ್ಕೆ ಸೋವಿಯತ್ ಗಗನಯಾತ್ರಿ ಗಗಾರಿನ್ ಹೆಸರಿದೆ. 1956ರಲ್ಲಿ ಕಮ್ಯುನಿಸ್ಟ್ ಪಕ್ಷ ಬಿಟ್ಟ ಗಣಿ ಕಾರ್ಮಿಕ ಲಾರೆನ್ಸ್ ಡೇಲಿ ತಮ್ಮದೇ ಫೈಫ್ ಸೋಷಲಿಸ್ಟ್ ಲೀಗ್ ಕಟ್ಟಿ 1958ರಲ್ಲಿ ಗೆದ್ದು ಸೇರಿದ್ದೂ ಕೌಂಟಿ ಕೌನ್ಸಿಲನ್ನೇ.

ಪೂರ್ವದಲ್ಲಿ ಮತದ ಗಾಳಿ ಬೇರೆ ದಿಕ್ಕಿನದು. ಹೊಲ, ಮೀನುಗಾರಿಕೆ, 1413ರ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ ಇರುವ ಆ ಭಾಗ 1886ರಿಂದ 1918ರವರೆಗೆ ಲಿಬರಲ್ ಪಕ್ಷದ ಆ್ಯಸ್ಕ್ವಿತ್ ಅವರನ್ನು ಸಂಸತ್ತಿಗೆ ಕಳಿಸಿತು.

ಇಷ್ಟು ಭಿನ್ನವಾದ ಎರಡು ಭಾಗಗಳು 1970ರ ದಶಕದ ಆರಂಭದಲ್ಲಿ ಒಂದಾಗಿ ನಿಂತದ್ದು ನಿಜವಾಗಿಯೂ ದೊಡ್ಡ ಸಂಗತಿ. ಆದರೆ ಗೆಲುವಿನ ಸಂಭ್ರಮದಲ್ಲಿ ಮರೆಯಾದ ನಷ್ಟವೊಂದಿದೆ. ಕೌಂಟಿಯನ್ನು ಉಳಿಸಿದ ಅದೇ ಕಾಯ್ದೆ ಅದೇ ದಿನ ಎಲ್ಲ ಪಟ್ಟಣಸಭೆಗಳನ್ನು ರದ್ದು ಮಾಡಿತು. ಕ್ರೇಲ್, ಪಿಟನ್‌ವೀಮ್, ಕೂಪರ್, ಕೌಡನ್‌ಬೀತ್ ಯಾವುದಕ್ಕೂ ತನ್ನದೇ ಸಭೆ ಉಳಿಯಲಿಲ್ಲ. ಬದಲಿಗೆ ಬಂದ ಸಮುದಾಯ ಸಮಿತಿಗಳು ಅಭಿಪ್ರಾಯ ಹೇಳಬಲ್ಲವು, ತೆರಿಗೆ ಎತ್ತಲಾರವು, ಮನೆ ಕಟ್ಟಿಸಲಾರವು. ಪ್ರಾಂತ್ಯದ ಕೆಳಗೆ ಕರ್ಕಾಡಿ, ಡನ್‌ಫರ್ಮ್‌ಲಿನ್, ಈಶಾನ್ಯ ಫೈಫ್ ಎಂಬ ಮೂರು ಜಿಲ್ಲೆಗಳಿದ್ದವು. 1996ರಲ್ಲಿ ಅವೂ ಹೋಗಿ ಒಂದೇ ಫೈಫ್ ಕೌನ್ಸಿಲ್ ಉಳಿಯಿತು. ಮೂರೂವರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಈಗ 75 ಸದಸ್ಯರ ಒಂದೇ ಸಭೆ.

ಅದರ ಕಚೇರಿ ಇರುವ ಗ್ಲೆನ್‌ರಾಥಿಸ್‌ಗೆ ಸನ್ನದಿನ ಚರಿತ್ರೆಯಿಲ್ಲ. 1948ರಲ್ಲಿ ರಾಥಿಸ್ ಗಣಿಯ ಕಾರ್ಮಿಕರಿಗೆಂದು ಯೋಜಿಸಿದ ಹೊಸ ಊರು ಅದು. ಗಣಿಯನ್ನು 1958ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಉದ್ಘಾಟಿಸಿದರು. ನೀರು ನುಗ್ಗಿ 1962ರಲ್ಲಿ ಅದು ಮುಚ್ಚಿತು. ಊರು ಮಾತ್ರ ಕಾರ್ಖಾನೆಗಳನ್ನು ಕರೆತಂದು ಬದುಕಿತು. ಹಳೆಯ ಕೌಂಟಿ ಕೇಂದ್ರ ಕೂಪರ್‌ನಿಂದ ಅಧಿಕಾರ ಇಲ್ಲಿಗೆ ಸರಿಯಿತು.

ಇಡೀ ಫೈಫ್‌ಗೆ ತಟ್ಟುವ ಪ್ರಶ್ನೆ ಬಂದಾಗ ಹಳೆಯ ಒಗ್ಗಟ್ಟು ಮತ್ತೆ ಕಾಣುತ್ತದೆ. ಫೋರ್ತ್ ಮತ್ತು ಟೇ ರಸ್ತೆ ಸೇತುವೆಗಳ ಟೋಲ್ ಅಂಥ ಪ್ರಶ್ನೆ. 2006ರ ಡನ್‌ಫರ್ಮ್‌ಲಿನ್ ಉಪಚುನಾವಣೆಯಲ್ಲಿ ಅದು ಬಿಸಿ ವಿಷಯವಾಗಿತ್ತು. ಲೇಬರ್ ಆ ಸ್ಥಾನವನ್ನು ಲಿಬರಲ್ ಡೆಮಾಕ್ರಾಟರಿಗೆ ಬಿಟ್ಟುಕೊಟ್ಟಿತು. 2008ರ ಫೆಬ್ರವರಿಯಲ್ಲಿ ಟೋಲ್ ರದ್ದಾಯಿತು. ಆದರೆ ಒಂದು ಪಟ್ಟಣಕ್ಕೆ ಮಾತ್ರ ತಟ್ಟುವ ಪ್ರಶ್ನೆಗೆ ಇಷ್ಟು ಬಲವಾದ ವೇದಿಕೆ ಈಗ ಇಲ್ಲ. 2022ರಲ್ಲಿ ರಾಣಿಯ ಆಳ್ವಿಕೆಯ 70ನೇ ವರ್ಷದ ನೆನಪಿಗೆ ಡನ್‌ಫರ್ಮ್‌ಲಿನ್‌ಗೆ ನಗರವೆಂಬ ಬಿರುದು ಸಿಕ್ಕಿತು. ಅದರ ಜೊತೆಗೆ ನಗರಸಭೆ ಬರಲಿಲ್ಲ. ಅದರ ಬೀದಿ, ಶಾಲೆ, ಮನೆಗಳ ತೀರ್ಮಾನ ಇಂದಿಗೂ ಆಗುವುದು ಗ್ಲೆನ್‌ರಾಥಿಸ್‌ನಲ್ಲೇ.